ಹದಿನೇಳನೆಯ ಬಾಗಿಲು

ನೀಲಾಂಬಿಕೆಯವರು ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಪಿರಿಯಾಪಟ್ಟಣದಲ್ಲಿ ತಂಬಾಕು ವ್ಯಾಪಾರ ಮಾಡುತ್ತಿದ್ದ ಅವರ ತಂದೆ ಶಿವನಂಜಪ್ಪ, ಹೊರೆಯ ಮೇಲಿನ ಎಲೆ ನೋಡಿ ತೃಪ್ತರಾದವರೇ ಅಲ್ಲ. ಮೊಣಕೈವರೆಗೂ ಕೈ ತೂರಿಸಿ ಅಡಿಯ ಎಲೆ ಎಳೆದು ನೋಡುತ್ತಿದ್ದರು. ಮಗಳಿಗೂ ಅದೇ ಬಂದಿತ್ತು. ಹುಣಸೂರಿನ ಸಣ್ಣದೊಂದು ಚಿತ್ರಕಲಾ ಕಾಲೇಜಿನಲ್ಲಿ ಅವರು ಇಪ್ಪತ್ತಮೂರು ವರ್ಷದಿಂದ ಲೈಬ್ರರಿಯನ್. ಒಮ್ಮೆ ಯಾರೋ ದುಬಾರಿ ಚಿತ್ರಸಂಪುಟದಿಂದ ಆರು ಹಾಳೆಗಳನ್ನು ಬ್ಲೇಡಿನಲ್ಲಿ ಕುಯ್ದುಕೊಂಡು ಹೋಗಿದ್ದರು. ಅಂದಿನಿಂದ ಒಳಗೆ ಬರುವವರ ಕೈಯನ್ನು ಮೊದಲು ನೋಡುತ್ತಿದ್ದರು, ಮುಖ ಆಮೇಲೆ.

ಎರಡು ವರ್ಷದ ಹಿಂದೆ ಕಾಲೇಜು ತನ್ನಲ್ಲಿದ್ದ ಹಳೆಯ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಏರಿಸಿತು. ಯಾರು ಬರೆದದ್ದು, ಯಾವಾಗ, ಯಾರು ಕೊಟ್ಟದ್ದು ಎಂಬ ವಿವರಗಳನ್ನು ಹಳೆಯ ರಿಜಿಸ್ಟರ್ ನೋಡಿಕೊಂಡು ಟೈಪ್ ಮಾಡಿದವರು ನೀಲಾಂಬಿಕೆಯವರೇ. ಯಾವ ವಿದ್ಯಾರ್ಥಿ ಯಾವ ಚಿತ್ರವನ್ನು ಎಷ್ಟು ಸಲ ತೆರೆದ ಎಂಬುದೂ ಅವರ ಪರದೆಯಲ್ಲಿ ಕಾಣುತ್ತಿತ್ತು. ದಿನವೂ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಆ ಪಟ್ಟಿ ನೋಡುತ್ತಿದ್ದರು.

ರೂಪಶ್ರೀ ಎಂಬ ಕೊನೆಯ ವರ್ಷದ ಹುಡುಗಿ ಕಣ್ಣಿಗೆ ಬಿದ್ದದ್ದು ಹಾಗೆ. ಎಚ್.ಡಿ. ಕೋಟೆ ಕಡೆಯವಳು. ಹಳೆಯ ಮನೆಗಳ ಬಾಗಿಲುಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. ಲೈಬ್ರರಿಯಲ್ಲಿ ಅದಕ್ಕೆ ಸರಿಯಾದ ಸಂಗ್ರಹವೊಂದಿತ್ತು: ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಊರೊಂದರ ಬಾಗಿಲುಗಳ ನಲವತ್ತೆರಡು ಜಲವರ್ಣ ಚಿತ್ರಗಳು. ರಿಜಿಸ್ಟರಿನ ಪ್ರಕಾರ ಬರೆದವರು, ಕೊಟ್ಟವರು ಇಬ್ಬರೂ ಒಬ್ಬರೇ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಉಮಾಶಂಕರ.

ರೂಪಶ್ರೀ ಹತ್ತು ದಿನದಲ್ಲಿ ಹದಿನೇಳನೆಯ ಚಿತ್ರವೊಂದನ್ನೇ ಅರವತ್ನಾಲ್ಕು ಸಲ ತೆರೆದಿದ್ದಳು. ಆಮೇಲೆ ಬಂದು, ಪುಸ್ತಕವನ್ನಲ್ಲ, ದಾನದ ರಿಜಿಸ್ಟರನ್ನು ಕೇಳಿದಳು.

"ರಿಜಿಸ್ಟರ್ ನಿನಗ್ಯಾಕಮ್ಮ?"

"ಗೈಡ್ ಕೇಳವ್ರೆ ಮೇಡಂ."

ನೀಲಾಂಬಿಕೆ ಗೈಡಿಗೆ ಫೋನ್ ಮಾಡಿದರು. ಅವರಿಗೆ ವಿಷಯವೇ ಗೊತ್ತಿರಲಿಲ್ಲ.

ಸುಳ್ಳು ಎಂದಾದ ಮೇಲೆ ಉಳಿದದ್ದನ್ನು ಅವರ ಮನಸ್ಸೇ ಜೋಡಿಸಿಕೊಂಡಿತು. ಹಿನ್ನೀರಿನ ದಂಡೆಯ ರೆಸಾರ್ಟುಗಳವರು ಗೋಡೆಗೆ ಹಾಕಲು ಹಳೆಯ ಕಾಲದ ಚಿತ್ರ ಹುಡುಕುತ್ತಾರೆಂದು ಕೇಳಿದ್ದರು. ಹುಡುಗಿ ಪೂರ್ತಿ ಗಾತ್ರದ ಪ್ರತಿಯನ್ನು ಎರಡು ಸಲ ಇಳಿಸಿಕೊಂಡೂ ಇದ್ದಳು. ಅಂದೇ ಅವಳ ಖಾತೆಯನ್ನು ಬಂದ್ ಮಾಡಿದರು. ರೂಪಶ್ರೀ ಜಗಳವಾಡಲಿಲ್ಲ. ಎರಡು ದಿನ ಬರಲೂ ಇಲ್ಲ.

ಜಗಳವಾಡದೆ ಹೋದದ್ದೇ ಅವರನ್ನು ಕೊರೆಯಿತು. ಹದಿನೇಳನ್ನು ತಾವೇ ತೆರೆದು, ದೊಡ್ಡದು ಮಾಡುತ್ತ ಹೋದರು. ನೀಲಿ ಬಣ್ಣದ ಬಾಗಿಲು, ಜಗಲಿ, ಜಗಲಿಯ ಮೇಲೊಂದು ತಾಮ್ರದ ಹಂಡೆ. ಹಂಡೆಯ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಏನೋ ಅಕ್ಷರ. ಇನ್ನಷ್ಟು ದೊಡ್ಡದು ಮಾಡಿದಾಗ 'ದೊಡಮ' ಎಂದು ಓದಲು ಬಂತು.

ಮೂರನೆಯ ದಿನ ರೂಪಶ್ರೀ ನೇರ ಅವರ ಮೇಜಿನ ಬಳಿ ಬಂದು ಮೊಬೈಲ್ ಹಿಡಿದಳು. ಮಸಿ ಹಿಡಿದ ತಾಮ್ರದ ಹಂಡೆಯೊಂದರ ಫೋಟೋ. ಕಂಠದಲ್ಲಿ ಅದೇ ಮೂರು ಅಕ್ಷರ.

"ನಮ್ಮ ಮುತ್ತಜ್ಜಿ ಹೆಸರು ದೊಡ್ಡಮ್ಮ. ಹೆಸರು ಕೊರೆಯೋನು ಒತ್ತು ಬುಟ್ಬುಟ್ಟವ್ನೆ. ಈ ಹಂಡೆ ಇನ್ನೂ ನಮ್ಮನೇಲೈತೆ ಮೇಡಂ. ಚಿತ್ರ ಬರೆದೋರು ಉಮಾಶಂಕರ ಮೇಷ್ಟ್ರಲ್ಲ, ನಮ್ಮ ತಾತ ಬೆಟ್ಟಸ್ವಾಮಿ."

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವೂ ಮೇಷ್ಟ್ರ ಕಡೆಯೋರು ಅನ್ಕೊಂಡೆ. ವಿವರದ ಕೆಳಗೆ ನಿಮ್ಮೆಸರೇ ಐತಲ್ಲ."

ಆ ಮಾತು ನೀಲಾಂಬಿಕೆಯವರಿಗೆ ನಾಟಿತು. ಆದರೂ ನಂಬಲಿಲ್ಲ. ಹಂಡೆ ಇವರ ಮನೆಯದೇ ಇರಬಹುದು; ಮೇಷ್ಟ್ರು ಆ ಬಾಗಿಲ ಮುಂದೆ ಕೂತು ಬರೆದಿರಬಾರದೇಕೆ?

ಭಾನುವಾರ ಎರಡು ಬಸ್ ಬದಲಿಸಿ ರೂಪಶ್ರೀಯ ತಾತನಿದ್ದ ಎನ್. ಬೇಗೂರಿಗೆ ಹೋದರು. ಚೀಲದಲ್ಲಿ ಟ್ಯಾಬ್ ಇತ್ತು. ನಲವತ್ತೆರಡು ಚಿತ್ರಗಳ ನಡುವೆ, ಹಳೆಯ ವಿದ್ಯಾರ್ಥಿಯೊಬ್ಬ ಬೇರೆಲ್ಲೋ ಬರೆದ ಬಾಗಿಲೊಂದನ್ನು ಬೇಕೆಂದೇ ಸೇರಿಸಿದ್ದರು. ಹುಡುಗಿಗೂ ಹೇಳಿರಲಿಲ್ಲ.

ಬೆಟ್ಟಸ್ವಾಮಿಗೆ ಎಪ್ಪತ್ತೊಂದು ವರ್ಷ. ಅಂಗಡಿ ಬೋರ್ಡು, ಶಾಲೆಯ ಗೋಡೆ ಬರೆದು ಬದುಕಿದವರು. ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು ಏಳಲಿಲ್ಲ.

"ಲೈಬ್ರರಿಯೋರಾ? ತಕ್ಕೊಂಡೋಗಕ್ಕೆ ಇನ್ನೇನೂ ಉಳ್ದಿಲ್ಲ ಕಣ್ರೀ."

"ತಗೊಂಡು ಹೋಗೋಕೆ ಬಂದಿಲ್ಲ. ತೋರಿಸೋಕೆ ಬಂದೆ."

ಮೊದಲ ಚಿತ್ರಕ್ಕೇ ಅವರ ಕೈ ನಿಂತಿತು. ಆಮೇಲೆ ಒಂದೊಂದಕ್ಕೂ ಮನೆಯ ಹೆಸರು ಹೇಳುತ್ತ ಹೋದರು. ಗಾಣದೋರ ಮನೆ. ಸುಂದ್ರಮ್ಮನ ತವರು. ಬಾಗಿಲ ಚಿಲಕ ಮುರಿದಿದ್ದ ಗೋವಿಂದಯ್ಯನ ಮನೆ. ಹದಿನೇಳು ಬಂದಾಗ, "ನಮ್ದು" ಎಂದಷ್ಟೇ ಹೇಳಿ ಬೆರಳಿನಿಂದ ಮುಂದೆ ಸರಿಸಿದರು. ನೀಲಾಂಬಿಕೆ ಸೇರಿಸಿದ್ದ ಬಾಗಿಲು ಬಂತು.

"ಇದು ನಮ್ಮೂರ ಬಾಗಿಲೇ ಅಲ್ಲ. ಯಾರಾಕುದ್ರು ಇದ್ನ?"

ನೀಲಾಂಬಿಕೆ ಮುಂದಿನ ಚಿತ್ರಕ್ಕೆ ಸರಿಸಿದರು. ಅದಲ್ಲದೆ ಇನ್ನೂ ಮೂರು ಚಿತ್ರಗಳನ್ನು ಬೆಟ್ಟಸ್ವಾಮಿ ಪಕ್ಕಕ್ಕೆ ತಳ್ಳಿದರು. "ಬಾಗಿಲು ನಮ್ಮೂರ್ದೆಯ. ಕೈ ನಂದಲ್ಲ."

ಎಲ್ಲವೂ ತಮ್ಮದೇ ಎಂದು ಅವರು ಹೇಳಿದ್ದರೆ ನೀಲಾಂಬಿಕೆ ಬಹುಶಃ ಅನುಮಾನ ಹೊತ್ತೇ ವಾಪಸಾಗುತ್ತಿದ್ದರು. ಮೂರನ್ನು ಬೇಡವೆಂದದ್ದು ಅವರನ್ನು ಅಲ್ಲಾಡಿಸಿತು. ನೀರು ಬರುತ್ತದೆಂದು ಗೊತ್ತಾದ ವರ್ಷ ಬೆಟ್ಟಸ್ವಾಮಿಗೆ ಹತ್ತೊಂಬತ್ತಂತೆ. ಊರ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರು ಕಾಗದ, ಬಣ್ಣ ತಂದುಕೊಟ್ಟು ಬರೆಯಲು ಹಚ್ಚಿದ್ದರು. ಪ್ರದರ್ಶನಕ್ಕೆ ಇಡುತ್ತೇನೆಂದು ಒಂದು ಕಾಗದಕ್ಕೆ ಸೈನ್ ಹಾಕಿಸಿಕೊಂಡು ಎಲ್ಲವನ್ನೂ ಒಯ್ದಿದ್ದರು.

ಮರುವಾರ ನೀಲಾಂಬಿಕೆ ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದಲ್ಲಿದ್ದ ಉಮಾಶಂಕರರ ಮನೆಗೆ ಹೋದರು. ಮೇಷ್ಟ್ರು ಕಾಫಿ ಕೊಡಿಸಿದರು. ವಿಷಯ ಎತ್ತಿದ ಕೂಡಲೇ ದನಿ ಗಡುಸಾಯಿತು.

"ಕಾಗದ ನಂದು, ಬಣ್ಣ ನಂದು. ಕುಂಚ ಹಿಡಿಯೋದು ಹೇಳಿಕೊಟ್ಟಿದ್ದೂ ನಾನೇ."

"ಬರೆದದ್ದು ಯಾರು ಸಾರ್?"

ಮೇಷ್ಟ್ರು ಕಾಫಿ ಲೋಟ ಎತ್ತಿಕೊಂಡರು. ಬೆಟ್ಟಸ್ವಾಮಿ ಮೂರು ಚಿತ್ರಗಳನ್ನು ತಮ್ಮದಲ್ಲ ಎಂದದ್ದನ್ನು ನೀಲಾಂಬಿಕೆ ಹೇಳಿದರು.

"ಯಾವ ಮೂರು?"

"ನಾಲ್ಕು, ಇಪ್ಪತ್ತೊಂಬತ್ತು, ಮೂವತ್ತು."

ಮೇಷ್ಟ್ರು ಲೋಟ ಕೆಳಗಿಟ್ಟರು. "ಇಪ್ಪತ್ತೊಂಬತ್ತೂ ಗೊತ್ತಾಗೋಯ್ತಾ ಅವನಿಗೆ? ಅದನ್ನ ಅವನ ಥರಾನೇ ಬರೆದಿದ್ದೆನಲ್ಲ."

ಅದಕ್ಕಿಂತ ಹೆಚ್ಚು ಅವರು ಏನೂ ಒಪ್ಪಿಕೊಳ್ಳಲಿಲ್ಲ. ನೀಲಾಂಬಿಕೆಯವರಿಗೆ ಅಷ್ಟು ಸಾಕಾಗಿತ್ತು.

ಮೂವತ್ತೊಂಬತ್ತು ಚಿತ್ರಗಳ ವಿವರವನ್ನು ತಿದ್ದಿ, ಬರೆದವರ ಜಾಗದಲ್ಲಿ ಬೆಟ್ಟಸ್ವಾಮಿಯ ಹೆಸರನ್ನೂ ಕೆಳಗೆ ಮನೆಗಳ ಹೆಸರನ್ನೂ ಹಾಕಿದರು. ಕಾಲೇಜಿನ ಸಮಿತಿ ಬೆಟ್ಟಸ್ವಾಮಿಯ ಲಿಖಿತ ಹೇಳಿಕೆ ಕೇಳಿತು. ರೂಪಶ್ರೀ ಅದರ ಫಾರ್ಮ್ ಒಯ್ದಳು, ಖಾಲಿಯಾಗಿಯೇ ತಂದಳು. "ಒಂದ್ ಸೈನ್ ಆಕಿದ್ದು ಸಾಕು ಬುಡು" ಎಂದಿದ್ದರಂತೆ ತಾತ. ನೀಲಾಂಬಿಕೆ ತಮ್ಮ ಹೊಣೆಯ ಮೇಲೆ 'ಬಾಯಿಮಾತಿನ ಹೇಳಿಕೆ' ಎಂದು ಬರೆದು, ತಾವೇ ಸಹಿ ಹಾಕಿದರು. ರೂಪಶ್ರೀಯ ಖಾತೆ ತೆರೆದರು; ಕ್ಷಮೆ ಕೇಳಲು ಬಾಯಿ ಬರಲಿಲ್ಲ, ದಾನದ ರಿಜಿಸ್ಟರನ್ನು ತಾವಾಗಿಯೇ ಅವಳ ಮುಂದಿಟ್ಟರು. ತಾವು ಟೈಪ್ ಮಾಡಿದ ಉಳಿದ ಸಾವಿರದೆಂಟುನೂರು ವಿವರಗಳನ್ನು ಈಗ ದಿನಕ್ಕೆ ಹತ್ತರಂತೆ ಮತ್ತೆ ಪರೀಕ್ಷಿಸುತ್ತಿದ್ದಾರೆ.

ಪ್ರಬಂಧ ಒಪ್ಪಿಸುವ ದಿನ ಬೆಟ್ಟಸ್ವಾಮಿ ಮೊಮ್ಮಗಳ ಜೊತೆ ಲೈಬ್ರರಿಗೆ ಬಂದರು. ಐವತ್ತು ವರ್ಷದ ಮೇಲೆ ತಮ್ಮ ಹಾಳೆ ಕೈಗೆತ್ತಿಕೊಂಡವರು, ಮೊದಲು ಹಿಂಬದಿ ತಿರುಗಿಸಿ ನೋಡಿದರು. ಅಲ್ಲಿ ಪೆನ್ಸಿಲಿನಲ್ಲಿ ಒಂದು ನಂಬರು.

"ಇದ್ಯಾರ್ ಬರೆದ್ರು ಮೇಡಮ್ಮೋರೆ?"

"ನಾನೇ. ಅದಿಲ್ಲದಿದ್ರೆ ಹಾಳೆ ಕಳೆದುಹೋದ್ರೂ ಗೊತ್ತಾಗಲ್ಲ."

ಬೆಟ್ಟಸ್ವಾಮಿ ಹಾಳೆಗಳನ್ನು ಎಣಿಸಿಯೇ ಕೊಟ್ಟರು. ಹಾಳೆಗಳಿದ್ದ ಪೆಟ್ಟಿಗೆ ಬೀರುವಿನೊಳಗೆ ಹೋಗಿ ಅದಕ್ಕೆ ಬೀಗ ಬೀಳುವ ತನಕ ಕುರ್ಚಿಯಿಂದ ಏಳಲಿಲ್ಲ.