ಅಳಿಯನ ಮನೆಯಲ್ಲದ ಖೋಲಿ

ಮಗಳಿಗೆ ಮಗುವಾಗುವ ತನಕ ಅಳಿಯನ ಮನೆಯಲ್ಲಿ ಉಣ್ಣಬಾರದು, ಮಲಗಬಾರದು, ಒಂದು ತಂಬಿಗೆ ನೀರನ್ನೂ ಕುಡಿಯಬಾರದು ಎಂಬುದು ನಮ್ಮ ಅಪ್ಪನ ನೇಮ. ಕನ್ಯಾದಾನ ಮಾಡಿಕೊಟ್ಟ ಮೇಲೆ ಆ ಮನೆಯ ಋಣ ಕಟ್ಟಿಕೊಳ್ಳಬಾರದೆಂದು ಅವನ ಅಪ್ಪ ಹೇಳಿದ್ದನಂತೆ, ಅವನಿಗೆ ಅವನ ಅಪ್ಪ. ಆ ಹಿರಿಯರ ಕಾಲದಲ್ಲಿ ಹೆಣ್ಣುಮಕ್ಕಳನ್ನು ಎರಡು ಹರದಾರಿಯೊಳಗೇ ಕೊಡುತ್ತಿದ್ದರು. ಬೆಳಿಗ್ಗೆ ಹೋಗಿ ಮಾತಾಡಿಸಿ ಸಂಜೆ ಮನೆಗೆ ಬಂದು ಉಣ್ಣಬಹುದಿತ್ತು. ನಮ್ಮ ಅಕ್ಕನನ್ನು ಕೊಟ್ಟದ್ದು ಹುನಗುಂದದಿಂದ ಧಾರವಾಡಕ್ಕೆ. ಮದುವೆಯಾಗಿ ಆರು ವರ್ಷವಾಗಿದ್ದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಆ ಆರು ವರ್ಷದಲ್ಲಿ ಅಪ್ಪ ಎರಡೇ ಸಲ ಅವಳನ್ನು ನೋಡಲು ಹೋಗಿದ್ದ. ಎರಡೂ ಸಲ ಹೊರಗಿನ ಕಟ್ಟೆಯ ಮೇಲೆ ಕೂತು ಮಾತಾಡಿ, ಒಣಗಿದ ಬಾಯಲ್ಲೇ ಸ್ಟೇಷನ್ನಿಗೆ ವಾಪಸಾಗಿದ್ದ. ಅವನು ಬಂದು ಹೋದಾಗಲೆಲ್ಲ ಅಕ್ಕನಿಗೆ ಇನ್ನೂ ಮಗುವಾಗಿಲ್ಲವೆಂಬುದು ಇಡೀ ಓಣಿಗೆ ಮತ್ತೊಮ್ಮೆ ನೆನಪಾಗುತ್ತಿತ್ತು. ಇದನ್ನು ಅಕ್ಕ ಬೇರೆ ಯಾರಿಗೂ ಹೇಳಿರಲಿಲ್ಲ, ನನಗೆ ಹೇಳಿದ್ದಳು.

ನಾನು ಮ್ಯಾಟ್ರಿಕ್ ಪಾಸಾದ ವರ್ಷ ಈ ನೇಮ ನನ್ನ ಕೊರಳಿಗೂ ಸುತ್ತಿಕೊಂಡಿತು. ನಾವು ಆಗಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಅಪ್ಪ ಹುನಗುಂದದ ಕನ್ನಡ ಶಾಲೆಯಲ್ಲಿ ಮಾಸ್ತರ. ಅದಕ್ಕೂ ಮೊದಲು ಹನ್ನೆರಡು ವರ್ಷ ಇಳಕಲ್ಲಿನಲ್ಲಿ ಕಲಿಸಿದವನು. ಬಾಗಲಕೋಟೆಯಿಂದ ನನಗೊಂದು ವರ ಬಂದಿತ್ತು, ಗಂಡಿನವರು ಉತ್ತರ ಕೇಳಿ ಎರಡು ಕಾಗದ ಹಾಕಿದ್ದರು. ಹುಡುಗ ಕೆಟ್ಟವನೇನಲ್ಲ. ಕೂತಲ್ಲಿ ಮೊಣಕಾಲು ಅಲ್ಲಾಡಿಸುತ್ತಿದ್ದ, ಅಷ್ಟೇ. ಆದರೆ ನನಗೆ ಕಲಿಯಬೇಕಿತ್ತು, ಬೇರೇನೂ ಬೇಕಿರಲಿಲ್ಲ.

“ಧಾರವಾಡಕ್ಕ ಹೋಗಿ ಕಾಲೇಜು ನೋಡಿಕೊಂಡು ಬರೋಣ,” ಅಂದ ಅಪ್ಪ. “ನಾದಾರಿ ಕೊಟ್ರ ಕಲಿ. ಕೊಡಲಿಲ್ಲಂದ್ರ ಬಾಗಲಕೋಟಿಯವರಿಗೆ ಹೂಂ ಅಂತ ಬರದು ಬಿಡ್ತೇನಿ. ಆಮ್ಯಾಲ ಅಳಬಾರದು.”

ನಾದಾರಿಯೆಂದರೆ ಬಡ ಮಕ್ಕಳಿಗೆ ಫೀ ಮಾಫಿ. ಅದು ಅರ್ಜಿ ಕಳಿಸಿದರೆ ಬರುವಂಥದ್ದಲ್ಲ, ಪ್ರಿನ್ಸಿಪಾಲರ ಎದುರು ನಿಂತು ಕೇಳಬೇಕು. ನಾನು ಹೂಂ ಅಂದೆ. ಅವ್ವ ಒಂದು ಗಂಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ, ಅಪ್ಪನ ಅಡಿಗೆಗೆಂದು ಅಕ್ಕಿ ಬೇಳೆ ಕಟ್ಟಿಕೊಟ್ಟಳು. ಅಕ್ಕನಿಗೆ ಬೇರೆ ಗಂಟು. ಬಾಗಲಕೋಟೆಯ ತನಕ ಮೋಟಾರು, ಅಲ್ಲಿಂದ ರೈಲು. ಬಾದಾಮಿ ದಾಟುವಾಗ ಅಪ್ಪ ಕಿಟಕಿಯಿಂದಲೇ ಬನಶಂಕರಿಯ ದಿಕ್ಕಿಗೆ ಕೈಮುಗಿದ. ನಾನೂ ಮುಗಿದೆ. ನಾನು ಕೇಳಿಕೊಂಡದ್ದು ಕಾಲೇಜು. ಅಪ್ಪ ಏನು ಕೇಳಿಕೊಂಡನೋ ಗೊತ್ತಿಲ್ಲ.

ಈಗಿನವರು ಧಾರವಾಡವನ್ನು ದೊಡ್ಡ ಶಹರವೆಂದರೆ ನಗುತ್ತಾರೆ. ನಗಲಿ. ಸ್ಟೇಷನ್ನಿನಿಂದ ಹೊರಬಿದ್ದಾಗ ನನಗೆ ಕಂಡಷ್ಟು ಸೈಕಲ್ಲುಗಳನ್ನು ನಾನು ಹುಟ್ಟಿದಾಗಿನಿಂದ ಒಟ್ಟು ಸೇರಿಸಿಯೂ ನೋಡಿರಲಿಲ್ಲ. ಕಾಲೇಜು ಶುರುವಾಗುವ ಹಂಗಾಮು. ನಮ್ಮ ಹಾಗೇ ಟ್ರಂಕು ಹೊತ್ತ ಅಪ್ಪಂದಿರು ಊರ ತುಂಬ ಇದ್ದರು. ಅವರೆಲ್ಲರ ಜೊತೆಗಿದ್ದದ್ದು ಗಂಡುಮಕ್ಕಳು ಎಂಬುದು ನನಗೆ ಅರಿವಾದದ್ದು ಧರ್ಮಶಾಲೆಯ ಬಾಗಿಲಲ್ಲಿ.

“ಹೆಣ್ಣುಮಗಳು ಇದ್ರ ಆಗೂದಿಲ್ಲರಿ,” ಅಂದ ಅಲ್ಲಿಯ ಕಾರಭಾರಿ. “ಒಳಗ ಎಲ್ಲಾ ಗಂಡಸರ ಹಾಸಿಗಿ. ನೀವೊಬ್ಬರ ಇದ್ರ ಬರ್ರಿ.”

ಅಲ್ಲಿಂದ ಒಂದು ಖಾನಾವಳಿಗೆ ಹೋದೆವು. ಮೇಲೆ ಖೋಲಿಗಳಿದ್ದವು, ಆದರೆ ಮೂಗಿಗಿಂತ ಮೂಗುತಿ ಭಾರ ಅನ್ನುವಂಥ ಬಾಡಿಗೆ. ಅದನ್ನಾದರೂ ಅಪ್ಪ ಒಂದು ದಿನಕ್ಕೆ ಒಪ್ಪುತ್ತಿದ್ದನೇನೋ. ಖಾನಾವಳಿಯವನು ನನ್ನನ್ನು ಕೆಳಗಿನಿಂದ ಮೇಲೆ ನೋಡಿ, “ಇವರು ಯಾರು?” ಎಂದು ಕೇಳಿದ. ಅಪ್ಪ ಟ್ರಂಕು ಎತ್ತಿಕೊಂಡು ಮೆಟ್ಟಿಲಿಳಿದ. ಮೂರನೆಯದು ಒಂದು ಮಠ. ಮಠದವರು ಸೌಜನ್ಯದವರು, ಅಪ್ಪನಿಗೆ ಪೌಳಿಯಲ್ಲಿ ಜಾಗ ತೋರಿಸಿದರು, ನನಗೆ ಪ್ರಸಾದ ಕೊಟ್ಟು ಹೊರದಾರಿ ತೋರಿಸಿದರು.

ಮಧ್ಯಾಹ್ನದ ಬಿಸಿಲು. ಮಠದ ಮುಂದಿನ ಬೇವಿನ ಗಿಡದ ಕೆಳಗೆ ಟ್ರಂಕು ಇಟ್ಟು ಅಪ್ಪ ಹೇಳಿದ, “ನೀ ಅಕ್ಕನ ಮನಿಗೆ ಹೋಗಿಬಿಡು. ನೇಮ ನಂದು, ನಿಂದಲ್ಲ. ನಾ ಇಲ್ಲೇ ಪೌಳ್ಯಾಗ ಇರ್ತೇನಿ.”

“ಅಪ್ಪ ಎಲ್ಲಿ ಅಂತ ಅಕ್ಕ ಕೇಳಿದ್ರ ಏನ್ ಹೇಳ್ಲಿ? ಮಠದಾಗ ಮಲಗ್ಯಾನ ಅಂತ ಹೇಳ್ಲಿ? ಆಕಿ ಉಣ್ತಾಳ ಏನು?”

“ಹಂಗಾದ್ರ ಸಂಜೀ ಗಾಡಿಗೆ ಊರಿಗೆ ಹೋಗೋಣ.”

ನಾನು ಟ್ರಂಕಿನ ಮೇಲೆ ಕೂತುಬಿಟ್ಟೆ. ಸಣ್ಣವಳಿದ್ದಾಗಿನಿಂದ ನನಗೆ ಸಿಟ್ಟು ಬಂದರೆ ಮಾತು ಬರುವುದಿಲ್ಲ, ಕೂಡುತ್ತೇನೆ. ಅತ್ತ ದರಿ ಇತ್ತ ಪುಲಿ. ಅಕ್ಕನ ಮನೆಗೆ ಒಬ್ಬಳೇ ಹೋದರೆ ಅವಳ ಗಾಯಕ್ಕೆ ಉಪ್ಪು. ಊರಿಗೆ ಹೋದರೆ ಬಾಗಲಕೋಟೆಯ ಮೊಣಕಾಲು. ಕಾಲೇಜಿನ ಬಾಗಿಲನ್ನೂ ನೋಡದೆ, ಮಲಗಲಿಕ್ಕೆ ಮೂರು ಮೊಳ ನೆಲ ಸಿಗಲಿಲ್ಲವೆಂದು ನನ್ನ ಓದು ಮುಗಿಯುವುದೇ? ಆ ನೇಮ ಮಾಡಿದ ಹಿರಿಯರನ್ನು ಮನಸ್ಸಿನಲ್ಲೇ ಬೈದೆ. ಅವರು ನನ್ನ ಮುತ್ತಜ್ಜಂದಿರು, ಕ್ಷಮಿಸಿರಬಹುದು.

ಕೊನೆಗೆ ಅಕ್ಕನ ಗಂಟನ್ನಾದರೂ ಮುಟ್ಟಿಸಿ ಗಾಡಿ ಹಿಡಿಯುವುದೆಂದಾಯಿತು. ಅಕ್ಕನ ಮನೆಯಲ್ಲಿ ಇದ್ದದ್ದು ಮೂವರೇ: ಅಕ್ಕ, ಅವಳ ಗಂಡ ಅಂದರೆ ಕಚೇರಿಗೆ ಹೋಗುವ ಮಾಮಾ, ಅವರ ತಾಯಿ. ಆ ಅತ್ತೆ ಬಾದಾಮಿಯ ಕಡೆಯವರು, ತೆಳ್ಳಗೆ, ನೆಟ್ಟಗೆ, ಮಾತು ಸುಣ್ಣದ ಹಾಗೆ ಚುರುಕು. ಅವರನ್ನು ಕಂಡರೆ ನನಗೆ ಅಂಜಿಕೆ. ಅಪ್ಪ ಎಂದಿನಂತೆ ಕಟ್ಟೆಯ ಮೇಲೆ ಕೂತ. ಅಕ್ಕ ಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತಳು. ಅವಳ ಮುಖ ಅರಳಿತು, ಟ್ರಂಕು ನೋಡಿ ಇನ್ನಷ್ಟು ಅರಳಿತು, ಸಂಜೆಯ ಗಾಡಿಯ ಮಾತು ಕೇಳಿ ಬಾಡಿತು. ಎಲ್ಲಾ ಒಂದೇ ನಿಮಿಷದಲ್ಲಿ.

“ಕಾಲೇಜು ನೋಡ್ಲಿಕ್ಕೆ ಬಂದು ಸ್ಟೇಷನ್ ನೋಡಿಕೊಂಡು ಹೋಗ್ತೀರೇನ್ರಿ ಮಾಸ್ತರ?” ಅಂದರು ಅತ್ತೆ.

“ಇಳಕೊಳ್ಳಿಕ್ಕೆ ಎಲ್ಲೂ ಜಾಗಾ ಸಿಗಲಿಲ್ಲರಿ ಬಾಯಾರ. ನಮ್ಮ ನೇಮ ನಿಮಗ ಗೊತ್ತದ.”

“ಗೊತ್ತದ, ಗೊತ್ತದ.” ಅವರು ಒಳಗೆ ಹೋದರು. ಬೇಗ ಬರಲಿಲ್ಲ. ಬಂದಾಗ ಕೈಯಲ್ಲೊಂದು ಕೀಲಿ ಇತ್ತು. “ಮಾಳಿಗಿ ಮ್ಯಾಲಿನ ಖೋಲಿ ಒಬ್ಬ ಓದೋ ಹುಡುಗಗ ಭಾಡಗಿ ಕೊಟ್ಟೇವಿ. ಸೂಟಿಗೆ ಊರಿಗೆ ಹೋಗ್ಯಾನ. ನಮ್ಮ ಕಡಿಯವರು ಯಾರರೆ ಬಂದ್ರ ಇರಲಿ ಅಂತ ಕೀಲಿ ಕೊಟ್ಟು ಹೋಗ್ಯಾನ. ಮ್ಯಾಲ ಹತ್ತೋ ಪಾವಣಿಗಿ ಹೊರಗಿಂದ ಅದ, ನಮ್ಮ ಹೊಸಲಿ ದಾಟೂದ ಬ್ಯಾಡ. ಓಣಿ ಬಾವಿ ಅದ, ನೀರು ನೀವ ಸೇದಿಕೊಳ್ರಿ. ಭಾಡಗಿ ಕೊಟ್ಟ ಮ್ಯಾಲ ಖೋಲಿ ಅವಂದು. ನನ್ನ ಮಗಂದಲ್ಲ.”

ಅಪ್ಪ ಮಾಳಿಗೆಯ ಕಡೆ ಕತ್ತೆತ್ತಿ ನೋಡಿದ. “ಯಾವ ಊರ ಹುಡುಗರಿ ಅವ?”

“ನಿಮ್ಮ ಇಳಕಲ್ಲಂವನ.”

“ಯಾರ ಪೈಕಿ?”

“ಹೆಸರು ಯಾರಿಗೆ ನೆನಪಿರ್ತದರಿ? ನೇಕಾರ ಮಂದಿ. ಶಾಣ್ಯಾ ಹುಡುಗ.”

ಅಪ್ಪ ಅವರನ್ನು ನೋಡಿದ, ಅವರು ಅಪ್ಪನನ್ನು ನೋಡಿದರು. ಆಮೇಲೆ ಅಪ್ಪ ಕೈಚಾಚಿ ಕೀಲಿ ತೆಗೆದುಕೊಂಡು, “ಹಂಗಾದ್ರ ಆ ಹುಡುಗನ ಉಪಕಾರ ಆತು,” ಅಂದ. ನನ್ನ ಎದೆಯಿಂದ ಒಂದು ಬೀಸುವ ಕಲ್ಲು ಇಳಿದ ಹಾಗಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆ ಖೋಲಿಯಲ್ಲಿ ನಾಲ್ಕು ದಿನ ಇದ್ದೆವು. ಅಪ್ಪ ಬೆಳಿಗ್ಗೆ ಓಣಿಯ ಬಾವಿಯಿಂದ ಎರಡು ಕೊಡ ನೀರು ಸೇದಿ ತರುತ್ತಿದ್ದ, ಮೂರು ಕಲ್ಲು ಹೂಡಿ ಹುಗ್ಗಿ ಮಾಡುತ್ತಿದ್ದ. ಮನೆಯಲ್ಲಿ ಎಂದೂ ಒಲೆಯ ಮುಂದೆ ಕೂತವನಲ್ಲ. ಮೊದಲ ದಿನದ ಹುಗ್ಗಿ ತಳ ಹತ್ತಿ, ವಾಸನೆ ಕೆಳಗಿನ ತನಕ ಇಳಿಯಿತು. ಕೆಳಗಿಂದ ಅತ್ತೆ, “ಭಾಡಗಿದಾರ ಬಂದ್ರ ಖೋಲಿ ಖಾಲಿ ಮಾಡಸ್ತಾನ ಮತ್ತ,” ಅಂದರು. ನನಗಂತೂ ಸುಗ್ಗಿ. ಮೇಲೆ ಹುಗ್ಗಿ, ಕೆಳಗೆ ಅಕ್ಕ ಬಡಿಸಿದ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ಅಕ್ಕ ಕೆಲಸ ಮುಗಿದಾಗಲೆಲ್ಲ ಮೆಟ್ಟಿಲ ಮೇಲೆ ಬಂದು ಕೂಡುತ್ತಿದ್ದಳು, ಅಪ್ಪ ಮೇಲಿನ ಬಾಗಿಲಲ್ಲಿ. ದೊಡ್ಡ ಮಾತೇನೂ ಇಲ್ಲ. ಊರಲ್ಲಿ ಯಾರ ಎಮ್ಮೆ ಈದಿತು, ಯಾರ ಮನೆಗೆ ಹೆಂಚು ಹೊದಿಸಿದರು, ಅಷ್ಟೇ.

“ಮುಂಜಾನೆ ಅಪ್ಪ ಮ್ಯಾಲ ಕೆಮ್ಮೋದು ಕೇಳಿ ಎಚ್ಚರಾತು,” ಅಂದಳು ನನಗೆ ಒಮ್ಮೆ. “ಹುನಗುಂದದಾಗ ಇದ್ದೇನಿ ಅನಿಸ್ತು.” ಅವಳು ಅಷ್ಟು ಸುಖವಾಗಿದ್ದದ್ದನ್ನು ನಾನು ಅವಳ ಮದುವೆಯ ನಂತರ ನೋಡಿದ್ದು ಆಗಲೇ.

ನಾಲ್ಕು ದಿನ ಬೇಕೇ ಆಯಿತು. ಮೊದಲ ಕಾಲೇಜಿನಲ್ಲಿ ನಾದಾರಿಯ ಜಾಗಗಳು ಮುಗಿದಿದ್ದವು. ಎರಡನೆಯದು ಗುಡ್ಡದ ಮೇಲೆ, ನೋಡಿದ ಕೂಡಲೇ ನಾನು ಮನಸ್ಸಿನಲ್ಲೇ ಒಂದು ಬೆಂಚು ಹಿಡಿದು ಕೂತುಬಿಟ್ಟೆ. ಆದರೆ ಪ್ರಿನ್ಸಿಪಾಲರು ಪುಣೆಗೆ ಹೋಗಿದ್ದರು, ಬರುವುದಕ್ಕೆ ಇನ್ನೆರಡು ದಿನವಿತ್ತು. ಧರ್ಮಶಾಲೆ ತುಂಬಿ ಇಳಿದುಕೊಳ್ಳಲು ಜಾಗ ಸಿಗದ ಒಬ್ಬ ಹುಡುಗ, ಅವನ ಅಪ್ಪ ಅದೇ ಸುದ್ದಿ ಕೇಳಿ ನಮ್ಮೆದುರೇ ಊರಿಗೆ ತಿರುಗಿದರು. ನಾವು ಖೋಲಿಗೆ ಬಂದು ಹುಗ್ಗಿ ಉಂಡೆವು.

ನಾಲ್ಕನೆಯ ದಿನ ಪ್ರಿನ್ಸಿಪಾಲರು ಸಿಕ್ಕರು. ನನ್ನ ಅಂಕಗಳನ್ನು ನೋಡಿದರು, ಇಂಗ್ಲಿಷಿನ ಒಂದು ಪುಟ ಓದಿಸಿದರು. ನಾನು ಓದುವಾಗ ಅಪ್ಪನ ತುಟಿ ನನಗಿಂತ ಮುಂದೆ ಓಡುತ್ತಿತ್ತು. ಆಮೇಲೆ ಅವರು ಕನ್ನಡಕ ತೆಗೆದು, “ನಾದಾರಿ ಕೊಡೋಣ. ಇರೋದು ಎಲ್ಲಿ?” ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು, “ಅಕ್ಕನ ಮನಿಯೊಳಗರಿ,” ಅಂದೆ. ಅಪ್ಪ ಇಲ್ಲವೆನ್ನಲಿಲ್ಲ. ಹೊರಗೆ ಬಂದ ಮೇಲೆ ಗುಡ್ಡದ ಇಳಿಜಾರಿನಲ್ಲಿ ಒಂದು ಕಲ್ಲಿನ ಮೇಲೆ ಕೂತು ಬೇಕಾದಷ್ಟು ಅತ್ತೆ. ಅಳಬಾರದೆಂದು ಕರಾರಿದ್ದದ್ದು ಸಿಗದಿದ್ದರೆ ಮಾತ್ರ.

ಹೊರಡುವ ದಿನ ಬೆಳಿಗ್ಗೆ ಅಕ್ಕ ನನ್ನ ಹೆರಳು ಹಾಕುತ್ತ ಕಿವಿಯಲ್ಲಿ ಹೇಳಿದಳು, “ಆ ಹುಡುಗ ಸೂಟಿಗೆ ಹೋಗಿಲ್ಲ. ಅಂವ ಇಳಕಲ್ಲಂವನೂ ಅಲ್ಲ. ಪರೀಕ್ಷಾ ಮುಗಿಸಿ ಎರಡು ತಿಂಗಳ ಹಿಂದನ ಖೋಲಿ ಬಿಟ್ಟು ಹೋದ. ಭಾಡಗಿಗೆ ಇನ್ನೂ ಯಾರೂ ಬಂದಿಲ್ಲ.”

ನಾನು ಜಡೆ ಸಹಿತ ತಿರುಗಿದೆ. ಅಂದರೆ ಖೋಲಿ ಅಳಿಯನದೇ. ಅಪ್ಪ ನಾಲ್ಕು ದಿನ ಉಂಡು ಮಲಗಿದ್ದು ಅಳಿಯನ ಮನೆಯಲ್ಲೇ.

“ಅತ್ಯಾರ ಸುಳ್ಳು ಹೇಳಿದ್ರು?”

“ನೇಮದ ಮನುಷ್ಯಾನ ಜೋಡಿ ವಾದ ಹಾಕಬಾರದಂತ, ದಾರಿ ಮಾಡಿಕೊಡಬೇಕಂತ. ಅಪ್ಪಗ ಹೇಳಬ್ಯಾಡ. ಹೇಳಿದಿ ಅಂದ್ರ ಆತು, ಇನ್ನ ಓಣಿಗೂ ಬರೂದಿಲ್ಲ ಅಂವ.”

ಅಂಜಿಕೆಯಿಂದ ನೋಡುತ್ತಿದ್ದ ಅತ್ತೆಗೆ ಆ ದಿನ ನಾನು ಎರಡು ಸಲ ನಮಸ್ಕಾರ ಮಾಡಿದೆ. “ಒಂದ ಸಾಕು, ಕಾಲೇಜಿಗೆ ಬಂದಾಗ ಮತ್ತ ಮಾಡು,” ಅಂದರು.

ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದು ಇಂದಿಗೂ ನಿಜ. ಗದಗದ ತನಕ ತಡೆದೆ. ಹೊಳೆಆಲೂರು ದಾಟಿತು. ಅಪ್ಪ ಎದುರಿಗೆ ಕೂತು ನೆಮ್ಮದಿಯಿಂದ ಅವಲಕ್ಕಿ ತಿನ್ನುತ್ತಿದ್ದ. ಅರಿಯದೆ ನೇಮ ಮುರಿದುಕೊಂಡವನು, ಪಾಪ, ಅದೂ ನನ್ನ ಸಲುವಾಗಿ. ನನ್ನ ಕಾಲೇಜಿನ ಸಂತೋಷವೆಲ್ಲ ಕದ್ದ ಮಾಲಿನ ಹಾಗೆ ಮಡಿಲಲ್ಲಿ ಕೂತಿತ್ತು. ಬಾದಾಮಿಯ ಕೆಂಪು ಗುಡ್ಡ ಕಂಡಾಗ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ.

ಅಪ್ಪ ಬಾಯಲ್ಲಿದ್ದ ಅವಲಕ್ಕಿ ನುಂಗಿದ. “ಗೊತ್ತದ,” ಅಂದ.

“ಯಾವಾಗ ಗೊತ್ತಾತು?”

“ಕೀಲಿ ಕೊಟ್ಟಾಗನ. ಇಳಕಲ್ಲಿಂದ ಕಾಲೇಜಿಗೆ ಹೋದ ಹುಡುಗರು ಐದು ಮಂದಿ. ಐದೂ ಮಂದಿ ನನ್ನ ಕಡೆ ಛಡಿ ತಿಂದಾರ. ಅವರೊಳಗ ಯಾರೂ ಧಾರವಾಡದಾಗ ಇಲ್ಲ.”

“ಮತ್ತ ಯಾಕ ಇದ್ದಿ?” ಎಂದು ಕೇಳಲಿಕ್ಕೆ ಒಂದು ಸ್ಟೇಷನ್ನಿನಷ್ಟು ಹೊತ್ತು ಬೇಕಾಯಿತು. ನನ್ನ ಓದಿನ ಸಲುವಾಗಿ ಅನ್ನುತ್ತಾನೆಂದುಕೊಂಡಿದ್ದೆ.

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. “ನನ್ನ ಮಗಳ ಮನ್ಯಾಗ ಒಂದಿನ ಮಲಗಬೇಕಂತ ಆರು ವರ್ಷದಿಂದ ಆಸೆ ಇತ್ತು,” ಅಂದ. “ಯಾರರೆ ಒಂದು ಸುಳ್ಳು ಹೇಳ್ತಾರೇನೋ ಅಂತ ದಾರಿ ನೋಡಿದೆ. ಆ ಬಾಯಾರೊಬ್ಬರ ಹೇಳಿದ್ರು ನೋಡು.”