ಹಿಡಿಯಿಲ್ಲದ ಕಪ್ಪಿನ ತಪಾಸಣೆ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ನಿರೀಕ್ಷಕನಾಗಿದ್ದವನು ನಾನು. ಈ ಊರಿನಲ್ಲಿ ಕಿಲೋ ಎಂದರೆ ಕಿಲೋ, ಲೀಟರ್ ಎಂದರೆ ಲೀಟರ್ ಆಗಿರುವುದಕ್ಕೆ ನಾನೇ ಕಾರಣ ಎಂಬ ನಂಬಿಕೆ ನಿವೃತ್ತಿಯ ದಿನದವರೆಗೂ ನನಗಿತ್ತು. ಆಮೇಲೂ ಕಿಲೋ ಹಾಗೆಯೇ ಉಳಿದದ್ದನ್ನು ನೋಡಿ ಸ್ವಲ್ಪ ಬೇಸರವಾಯಿತು.

ಮಾರುಕಟ್ಟೆಯಲ್ಲಿ ನನ್ನನ್ನು ಗ್ರಾಂ ಸಾಹೇಬರು ಎನ್ನುತ್ತಿದ್ದರು. ನಾನು ಬೀದಿಯ ಈ ತುದಿಯಲ್ಲಿ ಕಾಲಿಟ್ಟರೆ ಆ ತುದಿಯವರೆಗೆ ಒಂದು ಕೆಮ್ಮು ಅಂಗಡಿಯಿಂದ ಅಂಗಡಿಗೆ ದಾಟಿಕೊಂಡು ಹೋಗುತ್ತಿತ್ತು, ತಕ್ಕಡಿಯ ಅಡಿಗೆ ಅಂಟಿಸಿದ್ದ ಅಯಸ್ಕಾಂತಗಳು ಜೇಬು ಸೇರುತ್ತಿದ್ದವು. ಅದನ್ನು ನಾನು ಗೌರವವೆಂದೇ ತಿಳಿದಿದ್ದೆ. ಮಗಳು ಹುಟ್ಟಿದ ದಿನ ನರ್ಸ್ ಹೊರಗೆ ಬಂದು, "ಹೆಣ್ಣು ಮಗು, ಎರಡು ಕಿಲೋ ಒಂಬೈನೂರು" ಎಂದಾಗ ನಾನು ಒಳಗೆ ಹೋಗಿ ತಕ್ಕಡಿಯ ಮುದ್ರೆ ನೋಡಿದೆ. ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ನಮ್ಮಾಕೆ ಇವತ್ತಿಗೂ ಬಂದವರ ಮುಂದೆ ಹೇಳುತ್ತಾಳೆ: "ಮಗು ಮುಖ ನೋಡೋಕೆ ಮೊದ್ಲು ತಕ್ಕಡಿ ಮುಖ ನೋಡಿದ್ರು ಇವ್ರು."

ಆ ಎರಡು ಕಿಲೋ ಒಂಬೈನೂರಕ್ಕೆ ಈಗ ಇಬ್ಬರು ಮಕ್ಕಳು. ದೊಡ್ಡವಳಿಗೆ ಒಂಬತ್ತು. ಚಿಕ್ಕವನಿಗೆ ಐದು; ಬಾಯಿ ತೆರೆದರೆ "ಯಾಕೆ" ಎನ್ನುವುದರಿಂದ ಮನೆಯಲ್ಲಿ ಅವನ ಹೆಸರೇ ಯಾಕಪ್ಪ. ಪ್ರತಿ ಶನಿವಾರ ಮಧ್ಯಾಹ್ನ ಮಗಳು ಇಬ್ಬರನ್ನೂ ನಮ್ಮಲ್ಲಿ ಬಿಟ್ಟು ಕೆಲಸಕ್ಕೆ ಹೋಗಿ ಸಂಜೆ ಕರೆದುಕೊಂಡು ಹೋಗುತ್ತಾಳೆ. ಅಷ್ಟು ಹೊತ್ತೂ ಅಡುಗೆಮನೆಯಲ್ಲಿ ಅಜ್ಜಿ, ಮೊಮ್ಮಕ್ಕಳು ಮತ್ತು ಒಂದು ಕೇಕ್. ನಾನು ಹೊರಗಿನ ಕೋಣೆಯಲ್ಲಿ ಪೇಪರ್ ಹಿಂದೆ. ಐದು ಗಂಟೆಗೆ ಪೇಪರಿನ ಅಂಚಿನಿಂದ ಒಂದು ಕೈ ಬಂದು ತಟ್ಟೆ ಇಟ್ಟು ಹೋಗುತ್ತಿತ್ತು. ಆ ಕೈ ವರ್ಷದಿಂದ ವರ್ಷಕ್ಕೆ ಎಷ್ಟು ದೊಡ್ಡದಾಯಿತೆಂದು ನಾನು ಬೆರಳಿನ ಅಳತೆಯಲ್ಲಿ ಹೇಳಬಲ್ಲೆ. ಮುಖ ಕಾಣುವಷ್ಟು ಪೇಪರ್ ಇಳಿಸಿದ್ದು ಕಡಿಮೆ.

ಹೀಗಿರುವಾಗ ನಮ್ಮಾಕೆ ಅಟ್ಟದಿಂದ ಕೇಕಿನ ತಟ್ಟೆ ತೆಗೆಯಲು ಹೋಗಿ ಸ್ಟೂಲಿನಿಂದ ಜಾರಿ ಬಲಗೈ ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಮರುದಿನ ಮಗಳ ಫೋನ್ ಬಂತು.

"ಅಪ್ಪ, ಅಮ್ಮಂಗೆ ಕೈ ಆಡಲ್ಲ, ಮಕ್ಕಳು ಅಲ್ಲಿ ಬಂದು ಏನ್ ಮಾಡ್ತವೆ? ಶನಿವಾರ ಈಜು ಕ್ಲಾಸಿದೆ, ಸೇರಿಸಿಬಿಡ್ತೀನಿ. ಈ ತಿಂಗಳು ಬಿಟ್ರೆ ತಗೊಳ್ಳಲ್ಲ. ಸೇರಿದ್ರೆ ವರ್ಷಪೂರ್ತಿ ಹೋಗ್ಬೇಕು."

"ನಾನಿಲ್ವಾ?"

"ಇದೀರಾ ಅಪ್ಪ. ಪೇಪರ್ ಹಿಂದೆ ಇದೀರಾ."

ಒಂದು ವರ್ಷದ ಶನಿವಾರಗಳು ಎಂದರೆ ಐವತ್ತೆರಡು. ವರ್ಷ ಕಳೆಯುವಷ್ಟರಲ್ಲಿ ದೊಡ್ಡವಳಿಗೆ ಹತ್ತು ತುಂಬುತ್ತದೆ. ಹತ್ತು ತುಂಬಿದವರಿಗೆ ಅಜ್ಜಿ ತಾತಂದಿರಿಗಿಂತ ಮುಖ್ಯವಾದ ಕೆಲಸಗಳಿರುತ್ತವೆ. ತಿಂಗಳಲ್ಲಿ ಇನ್ನು ಮೂರೇ ಶನಿವಾರ ಉಳಿದಿದ್ದವು.

"ಮೂರು ವಾರ ಕಳಿಸು," ಎಂದೆ. "ಕೇಕ್ ನಾನು ಮಾಡಿಸ್ತೀನಿ. ಮಕ್ಕಳಿಗೆ ಬೇಡ ಅನ್ನಿಸಿದ್ರೆ ಈಜಿಗೇ ಹಾಕು."

ಫೋನ್ ಇಟ್ಟು ತಿರುಗಿದರೆ ನಮ್ಮಾಕೆ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. "ಏನ್ರೀ, ಓವನ್ ಬಾಗಿಲು ಯಾವ ಕಡೆ ತೆರೆಯುತ್ತೆ ಗೊತ್ತಾ?"

"ಅದು ತಾಂತ್ರಿಕ ವಿವರ," ಎಂದೆ.

ಮೊದಲ ಶನಿವಾರ ನಾನು ಅಡುಗೆಮನೆಗೆ ಹೋದದ್ದು ಕಚೇರಿಯ ಹಳೆಯ ಚೀಲದೊಂದಿಗೆ. ಅದರಲ್ಲಿ ಗೆರೆಗಳಿದ್ದ ಗಾಜಿನ ಅಳತೆಪಾತ್ರೆ, ಕೈತಕ್ಕಡಿ, ಇಕ್ಕಳ, ಸುತ್ತಿಗೆ ಎಲ್ಲ ಇದ್ದವು. ನಮ್ಮಾಕೆಗೆ ಹೊರಗಿನ ಕೋಣೆಯಲ್ಲೇ ಇರಬೇಕೆಂದು ಆದೇಶವಾಗಿತ್ತು. ಮಕ್ಕಳಿಬ್ಬರನ್ನೂ ಕಟ್ಟೆಯ ಮುಂದೆ ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಅಳತೆಯ ಮಹತ್ವದ ಬಗ್ಗೆ ಮಾತಾಡಿದೆ. ಕೊನೆಗೆ, "ಅಧಿಕಾರಿ ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು. ಇದು ಮೊದಲನೇ ನಿಯಮ" ಎಂದೆ.

"ಯಾಕೆ?" ಎಂದ ಯಾಕಪ್ಪ.

"ಅದೇ ಬಾಯಿ ಹಾಕೋದು ಅಂದ್ರೆ."

ಕಪಾಟಿನ ಬಾಗಿಲ ಒಳಗಡೆ ನಮ್ಮಾಕೆಯ ಕೈಬರಹದ ಚೀಟಿ ಅಂಟಿಸಿತ್ತು: ಮೈದಾ ಮೂರು, ಸಕ್ಕರೆ ಎರಡು, ಬೆಣ್ಣೆ ಒಂದು ಕಟ್ಟು, ಮೊಟ್ಟೆ ನಾಲ್ಕು. ಮೂರು ಏನು, ಎರಡು ಏನು ಎಂಬುದಿಲ್ಲ. ಇಂಥ ಚೀಟಿ ಅಂಗಡಿಯಲ್ಲಿ ಸಿಕ್ಕಿದ್ದರೆ ನೋಟಿಸ್ ಕೊಡುತ್ತಿದ್ದೆ. "ಮೂರು ಏನು?" ಎಂದು ಕೇಳಿದೆ. ಯಾಕಪ್ಪ ಮೈದಾ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಪಿಂಗಾಣಿ ಕಪ್ ತೆಗೆದ. ಹಿಡಿ ಮುರಿದಿತ್ತು, ಅಂಚು ಒಂದು ಕಡೆ ಒಡೆದಿತ್ತು. ನಾವು ಮನೆ ಹೂಡಿದ ವರ್ಷ ಕೊಂಡ ಆರರಲ್ಲಿ ಉಳಿದದ್ದು ಅದೊಂದೇ.

ನಾನು ಅದಕ್ಕೆ ಅಂಚಿನವರೆಗೆ ನೀರು ತುಂಬಿ ಗಾಜಿನ ಪಾತ್ರೆಗೆ ಸುರಿದು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದೆ. ಇನ್ನೂರ ಮೂವತ್ತೆರಡು ಮಿಲಿಲೀಟರ್. ಪ್ರಮಾಣಿತ ಕಪ್ಪೆಂದರೆ ಇನ್ನೂರೈವತ್ತು. ಹದಿನೆಂಟು ಕಡಿಮೆ. ನನ್ನ ಮನೆಯಲ್ಲೇ, ನನ್ನ ಮೂಗಿನ ಕೆಳಗೇ, ಮೂವತ್ತೈದು ವರ್ಷದಿಂದ.

"ಸುಳ್ಳು ಅಳತೆ," ಎಂದೆ.

"ತಾತ..." ಎಂದು ದೊಡ್ಡವಳು ಬೆರಳೆತ್ತಿದಳು.

"ಮೊದಲನೇ ನಿಯಮ," ಎಂದೆ.

ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿಯಿತ್ತು. ಸುಳ್ಳು ಅಳತೆ ಸಿಕ್ಕಿದರೆ ಅದು ಮತ್ತೆ ಬಳಕೆಗೆ ಬಾರದಂತೆ ಅಲ್ಲೇ ನಾಶ ಮಾಡಿ, ಚೂರುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, ತಾರೀಕು ಬರೆದು ಮುದ್ರೆ ಒತ್ತುವುದು. ನನ್ನ ಕೈ ಅದನ್ನೇ ಮಾಡಿತು. ತಲೆಯನ್ನು ಕೇಳಿಕೊಂಡು ಕೆಲಸ ಮಾಡುವ ಅಭ್ಯಾಸ ಆ ಕೈಗೆ ಯಾವತ್ತೂ ಇರಲಿಲ್ಲ. ಸುತ್ತಿಗೆ ಬಿದ್ದ ಸದ್ದಿಗೆ ಹೊರಗಿನಿಂದ ಪ್ರಶ್ನೆ ಬಂತು.

"ಏನ್ರೀ ಅದು?"

"ತಪಾಸಣೆ."

"ಅಜ್ಜೀ, ತಾತ ನಿನ್ ಕಪ್ ಒಡೆದುಹಾಕಿದ್ರು. ಕಾನೂನಂತೆ," ಎಂದು ಯಾಕಪ್ಪ ಓಡಿಹೋಗಿ ವರದಿ ಒಪ್ಪಿಸಿದ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಬಾಗಿಲಲ್ಲಿ ನಿಂತಾಗ, "ಎಷ್ಟು ಕಡಿಮೆ ಇತ್ತು?" ಎಂದಳು.

"ಹದಿನೆಂಟು ಮಿಲಿ."

"ಅಯ್ಯೋ ಪಾಪ. ಇಷ್ಟು ವರ್ಷ ನಿಮಗೆ ಮೋಸ ಆಯ್ತು."

ಆ ದಿನದ ಕೇಕನ್ನು ಪ್ರಮಾಣಿತ ಅಳತೆಯಲ್ಲೇ ಮಾಡಿದೆವು. ನಡುವೆ ಗಾಳಿ ಉಳಿದರೆ ಅಳತೆ ತಪ್ಪುತ್ತದೆಂದು ಪ್ರತಿ ಸಲವೂ ಕಟ್ಟೆಗೆ ತಟ್ಟಿ, ಮೈದಾ ಕುಗ್ಗಿಸಿ, ಮತ್ತೆ ತುಂಬಿದೆ. ಓವನ್ನಿನಿಂದ ಹೊರಬಂದದ್ದನ್ನು ತೂಗಿದೆ. ಒಂದು ಕಿಲೋ ಐನೂರು. ಯಾಕಪ್ಪ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಹಿತ್ತಲ ಬಾಗಿಲಿಗೆ ಒತ್ತಾಗಿ ಇಟ್ಟ. ಬಾಗಿಲು ಮತ್ತೆ ಅಲುಗಲಿಲ್ಲ. ಸಂಜೆ ಬಂದ ಮಗಳು ಅದನ್ನು ದಾಟಿಕೊಂಡೇ ಒಳಗೆ ಬಂದಳು.

ವಾರವಿಡೀ ನಮ್ಮಾಕೆಯ ಬೆನ್ನು ಬಿದ್ದೆ. "ನಿಜವಾದ ಅಳತೆ ಎಷ್ಟು ಹೇಳೇ."

"ನಂಗೆ ಲೆಕ್ಕ ಎಲ್ಲಿ ಗೊತ್ತು ರೀ. ನನ್ ಕೈಗೆ ಗೊತ್ತಿತ್ತು. ಅದು ಈಗ ರಜದಲ್ಲಿದೆ."

ಆದರೆ ಒಡೆಯುವ ಮುಂಚೆ ಅಳೆದ ಅಂಕಿ ನನ್ನ ತಪಾಸಣೆ ಪುಸ್ತಕದಲ್ಲೇ ಇತ್ತಲ್ಲ. ಎರಡನೇ ಶನಿವಾರ ಸರಿಯಾಗಿ ಇನ್ನೂರ ಮೂವತ್ತೆರಡು ಮಿಲಿಲೀಟರಿನಂತೆ ಅಳೆದು, ತಟ್ಟಿ, ತುಂಬಿ ಮಾಡಿಸಿದೆ. ಈ ಕೇಕಿಗೆ ಚಾಕು ಇಳಿಯಿತು, ಒತ್ತಿ ಹಿಡಿದರೆ. ಯಾಕಪ್ಪ ಒಂದು ತುಂಡನ್ನು ಕೆನ್ನೆಯೊಳಗೆ ಇಟ್ಟುಕೊಂಡೇ ಅರ್ಧ ಗಂಟೆ ಆಟವಾಡಿದ. ದೊಡ್ಡವಳು ನೀರು ಕುಡಿದು, "ಚೆನ್ನಾಗಿದೆ ತಾತ" ಎಂದಳು.

ತಕ್ಕಡಿಯ ಅಡಿಗೆ ಅಯಸ್ಕಾಂತ ಇಟ್ಟುಕೊಂಡು "ಬನ್ನಿ ಸಾಹೇಬ್ರೇ" ಎನ್ನುವವರ ಮುಖವನ್ನು ಮೂವತ್ತೆರಡು ವರ್ಷ ನೋಡಿದವನು ನಾನು. ಅದೇ ಮುಖ ಈಗ ಒಂಬತ್ತು ವರ್ಷದ ಹುಡುಗಿಯ ಮೇಲೆ ಕಂಡಿತು. ಕೇಕನ್ನು ಬಾಗಿಲಿಗೆ ಒತ್ತು ಕೊಟ್ಟಾಗ ಮಕ್ಕಳು ಇನ್ನೂ ನನ್ನವರಾಗಿದ್ದರು. ಈಗ ಅತಿಥಿಗಳಾಗಿದ್ದರು.

ಮೂರನೇ ಶನಿವಾರ ಮಗಳು ಮಕ್ಕಳನ್ನು ಬಿಡುವಾಗ ಈಜು ಕ್ಲಾಸಿನ ಫಾರಮ್ಮನ್ನು ಮೇಜಿನ ಮೇಲಿಟ್ಟಳು. "ಅಪ್ಪ, ಸಂಜೆ ಹೋಗ್ತಾ ಕೊಟ್ಟು ಹೋಗ್ತೀನಿ. ಬೇಜಾರ್ ಮಾಡ್ಕೋಬೇಡಿ."

ನಾನು ಚೀಲ ತೆಗೆಯಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತೆ. ಭಾಷಣವಿಲ್ಲದ್ದನ್ನು ಕಂಡು ಮಕ್ಕಳಿಗೆ ಗಾಬರಿಯಾಯಿತು.

"ತಾತಂಗೆ ಹುಷಾರಿಲ್ವಾ?" ಎಂದ ಯಾಕಪ್ಪ.

"ಹುಷಾರಾಗಿದೀನಿ ಕಣೋ. ಕೇಕ್ ಮಾಡೋಕೆ ಬರಲ್ಲ, ಅಷ್ಟೆ."

ಈ ವಾಕ್ಯವನ್ನು ಅಧಿಕೃತವಾಗಿ ಹೇಳಿದ್ದು ನನ್ನ ಜೀವನದಲ್ಲೇ ಮೊದಲು. ದೊಡ್ಡವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಅಜ್ಜಿ ಕಪ್ ತುಂಬ ಹಾಕಲ್ಲ ತಾತ. ಒಳಗಡೆ ನೀಲಿ ಗೆರೆ ಇತ್ತಲ್ಲ, ಅಲ್ಲೀವರೆಗೆ. ಆಮೇಲೆ ತಟ್ಟೋದೂ ಇಲ್ಲ. ಉದುರಿಸೋದು" ಎಂದಳು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಬೆರಳೆತ್ತಿದ್ದೆ. ಮೊದಲನೇ ನಿಯಮ ಅಂದ್ರಿ."

ಹೊರಗಿನ ಕೋಣೆಯಿಂದ ನಗು ತಡೆದುಕೊಳ್ಳುವ ಕೆಮ್ಮೊಂದು ಕೇಳಿಸಿತು. ಆ ಕೆಮ್ಮಿನ ಪರಿಚಯ ನನಗೆ ಚೆನ್ನಾಗಿಯೇ ಇತ್ತು.

ಬಟ್ಟೆಯ ಚೀಲದ ಮುದ್ರೆಯನ್ನು ನಾನೇ ಒಡೆದೆ. ಚೂರುಗಳ ನಡುವೆ, ತಳದಿಂದ ಅಂಚಿನವರೆಗೆ ಅಂಗೈಯಗಲದ ಒಂದು ಚೂರು ಉಳಿದಿತ್ತು. ಅದರ ಒಳಮೈಯಲ್ಲಿ, ಅಂಚಿನಿಂದ ಒಂದು ಬೆರಳು ಕೆಳಗೆ, ನೀಲಿ ಗೆರೆ. ಮೂವತ್ತೈದು ವರ್ಷ ಆ ಕಪ್ಪಿನ ಕೇಕ್ ತಿಂದವನು, ಅದಕ್ಕೆ ನೀರು ತುಂಬಿ ಒಂದು ಕಣ್ಣು ಮುಚ್ಚಿ ಅಳೆದವನು, ಗೆರೆಯನ್ನು ಕಂಡಿರಲಿಲ್ಲ.

"ಈ ಚೂರು ಸರಿಯಾಗಿ ಕೂರೋ, ಇಷ್ಟೇ ಅಗಲದ ಬೇರೆ ಕಪ್ ಬೇಕು," ಎಂದಳು ದೊಡ್ಡವಳು. ಅಲ್ಲಿಂದ ತಪಾಸಣೆ ಅವಳ ಕೈಗೆ ಹೋಯಿತು. ಮನೆಯ ಒಂದೊಂದೇ ಲೋಟ, ಕಪ್ಪನ್ನು ಯಾಕಪ್ಪ ತಂದುಕೊಡುವುದು, ನಾನು ಚೂರನ್ನು ಅದರ ಹೊಟ್ಟೆಗೆ ಒತ್ತಿ ಹಿಡಿಯುವುದು, ಅವಳು ಒಂದು ಕಣ್ಣು ಮುಚ್ಚಿ ನಡುವೆ ಬೆಳಕು ಕಾಣುತ್ತದೆಯೇ ಎಂದು ನೋಡುವುದು.

"ತಳ್ಳಿಹಾಕಿದೆ," ಎನ್ನುವಳು. ನನ್ನದೇ ಮಾತು, ನನ್ನದೇ ಗತ್ತು. ಎಲ್ಲಿ ಕಲಿತಳೋ.

ಹನ್ನೊಂದು ಪಾತ್ರೆ ತಳ್ಳಿಹಾಕಿಸಿಕೊಂಡವು. ಆಗ ಯಾಕಪ್ಪ ಹೊರಗಿನ ಕೋಣೆಯ ಗಾಜಿನ ಕಪಾಟಿನ ಮುಂದೆ ನಿಂತು, "ಇದು?" ಎಂದ.

ಅದು ನನ್ನ ನಿವೃತ್ತಿಯ ದಿನ ಇಲಾಖೆಯವರು ಕೊಟ್ಟ ಗಾಜಿನ ಮಗ್. ಮೇಲೆ ಚಿನ್ನದ ಬಣ್ಣದಲ್ಲಿ ನನ್ನ ಹೆಸರು, ಅದರ ಕೆಳಗೆ ಹಿರಿಯ ನಿರೀಕ್ಷಕರು ಎಂದು ಹುದ್ದೆ. ಅದರಲ್ಲಿ ಯಾರೂ ಏನೂ ಕುಡಿದಿರಲಿಲ್ಲ. ಧೂಳು ಒರೆಸುವಾಗಲೂ ನಾನೇ ಒರೆಸುತ್ತಿದ್ದೆ.

"ಅದಲ್ಲ," ಎಂದೆ.

"ಯಾಕೆ?"

ಮೇಜಿನ ಮೇಲೆ ಫಾರಮ್ ಕಾಣುತ್ತಿತ್ತು. ಕಪಾಟಿನ ಬೀಗ ತೆಗೆದೆ.

ಚೂರು ಮಗ್ಗಿನ ಹೊಟ್ಟೆಗೆ ಅಂಟಿದಂತೆ ಕುಳಿತಿತು. ದೊಡ್ಡವಳು ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ನೀಲಿ ಗೆರೆ ಸರಿಯಾಗಿ ನನ್ನ ಹೆಸರಿನ ಕೆಳಗೆ, ಹುದ್ದೆಯ ಮೇಲೆ ಬಂದಿತ್ತು.

"ಪಾಸ್," ಎಂದಳು.

ಆಮೇಲೆ ನನಗೆ ಕೊಟ್ಟ ಕೆಲಸ ಬೆಣ್ಣೆ ಮತ್ತು ಸಕ್ಕರೆ ತಿರುವುವುದು. ಕೈ ಸೋತಿತು ಎಂದರೆ, "ಅಜ್ಜಿ ನಿಲ್ಸಲ್ಲ" ಎನ್ನುತ್ತಿದ್ದರು. ಯಾಕಪ್ಪ ಮೊಟ್ಟೆ ಒಡೆದ. ಮೂರು ಬಟ್ಟಲಿಗೆ, ಒಂದು ನನ್ನ ಚಪ್ಪಲಿಗೆ. ದೊಡ್ಡವಳು ಮೈದಾವನ್ನು ಬೆರಳುಗಳ ನಡುವಿನಿಂದ ಮಗ್ಗಿಗೆ ಉದುರಿಸಿ, ನನ್ನ ಹೆಸರಿನ ಕೆಳಗೆ ಬಂದಾಗ ನಿಲ್ಲಿಸುತ್ತಿದ್ದಳು. ಓವನ್ನಿನ ಗಾಜಿನ ಮುಂದೆ ಮೂವರೂ ನೆಲದ ಮೇಲೆ ಕುಳಿತೆವು. ಕೇಕ್ ಉಬ್ಬುವುದನ್ನು ನಾನು ಆವರೆಗೆ ನೋಡಿರಲಿಲ್ಲ. ಯಾರೂ ತಳ್ಳದೆ, ಸದ್ದಿಲ್ಲದೆ, ತಟ್ಟೆಯ ಅಂಚು ದಾಟಿ ಮೇಲೆ ಬರುತ್ತದೆ. ಯಾಕಪ್ಪ ನನ್ನ ತೊಡೆಯ ಮೇಲೆ ತಲೆಯಿಟ್ಟು ಕೇಳಿದ ಇಪ್ಪತ್ತೇಳು ಪ್ರಶ್ನೆಗಳಲ್ಲಿ ಇಪ್ಪತ್ತಾರಕ್ಕೆ "ಗೊತ್ತಿಲ್ಲ ಕಣೋ" ಎಂದೆ. ಎಣಿಸುವ ಚಟ ಮಾತ್ರ ಬಿಡಲಿಲ್ಲ.

ಐದೂವರೆಗೆ ಮಗಳು ಬಂದಾಗ ತಟ್ಟೆಯಲ್ಲಿ ಕಾಲು ಭಾಗ ಉಳಿದಿತ್ತು. ನಿಂತೇ ಒಂದು ತುಂಡು ತಿಂದಳು. ಕುಳಿತು ಇನ್ನೊಂದು ತಿಂದಳು.

"ಅಮ್ಮ, ನೀನ್ ಮಾಡಿದ್ಯಾ?"

"ನಾನು ಬರೀ ಕೆಮ್ಮಿದೆ," ಎಂದಳು ನಮ್ಮಾಕೆ.

"ಅಮ್ಮ, ಈಜು ಕ್ಲಾಸಲ್ಲಿ ಓವನ್ ಇದ್ಯಾ?" ಎಂದು ಯಾಕಪ್ಪ ಕೇಳಿದ.

"ಇಲ್ಲ ಕಣೋ."

"ಮತ್ತೆ ಯಾಕೆ?"

ಮಗಳು ಫಾರಮ್ ಎತ್ತಿಕೊಂಡಳು. ಅದರ ಹಿಂದಿನ ಖಾಲಿ ಮೈ ತುಂಬ ದೊಡ್ಡವಳ ದುಂಡು ಅಕ್ಷರ: ಮೈದಾ ಮೂರು, ತಾತನ ಮಗ್ಗಿನಲ್ಲಿ, ಹೆಸರಿನ ಕೆಳಗಿನವರೆಗೆ. ತಟ್ಟಬಾರದು. ತಾತ ತಟ್ಟಿದರೆ ಮಗ್ ಕಸಿದುಕೊಳ್ಳಬೇಕು. ಮಗಳು ಅದನ್ನು ಎರಡು ಸಲ ಓದಿ, ಕಪಾಟಿನ ಬಾಗಿಲಲ್ಲಿ ಹಳೆಯ ಚೀಟಿಯ ಪಕ್ಕದಲ್ಲಿ ಅಂಟಿಸಿದಳು. ಕೈಚೀಲ ಎತ್ತಿಕೊಳ್ಳುತ್ತಾ, "ಮುಂದಿನ ಶನಿವಾರ ಸ್ವಲ್ಪ ಬೇಗನೇ ತಂದು ಬಿಡ್ಲಾ ಅಪ್ಪ?" ಎಂದಳು.

"ಬಿಡು," ಎಂದೆ.

ದೊಡ್ಡವಳು ಹೊರಡುವ ಮುಂಚೆ ಮಗ್ಗನ್ನು ಮೈದಾ ಡಬ್ಬಿಯೊಳಗೆ ಇಟ್ಟು ಮುಚ್ಚಳ ಒತ್ತಿದಳು. ಕೂರಲಿಲ್ಲ. ತಿರುಗಿಸಿ ಇಟ್ಟಳು, ಓರೆಯಾಗಿ ಇಟ್ಟಳು. ಹಿಡಿ ಅಡ್ಡ ಬರುತ್ತಿತ್ತು. ನಮ್ಮಾಕೆ ಮೂರು ವಾರದಲ್ಲಿ ಮೊದಲ ಸಲ ಅಡುಗೆಮನೆಗೆ ಬಂದು ನೋಡಿದಳು.

"ಆ ಕಪ್ಪಿನ ಹಿಡಿ ತಾನಾಗೇ ಮುರಿದಿರ್ಲಿಲ್ಲ ರೀ," ಎಂದಳು.

ನಾನು ಚೀಲದಿಂದ ಸುತ್ತಿಗೆ ತಂದೆ. ಮಗ್ಗಿಗೆ ಟವೆಲ್ ಸುತ್ತಿ, ಹಿಡಿಯೊಂದನ್ನೇ ಹೊರಗೆ ಬಿಟ್ಟು ಕಟ್ಟೆಯ ಮೇಲೆ ಮಲಗಿಸಿದೆ. ದೊಡ್ಡವಳು ಬೆರಳೆತ್ತಿದಳು.

"ಹೇಳಮ್ಮ," ಎಂದೆ.

"ಮೆಲ್ಲಗೆ, ತಾತ."

ಮೆಲ್ಲಗೆ ಹೊಡೆದೆ.