ದೋನ್ ಎಲಿಸೆಯೊ ಅವರ ಕೊನೆಯ ಜಾಯಿಂಟ್

ಕಲಾಮಾದ ಗಣಿಯಲ್ಲಿ ತಾಮ್ರದ ಅದಿರು ಸಾಗಿಸುವ ರಬ್ಬರ್ ಬೆಲ್ಟ್ ಹರಿದರೆ ಮೊದಲು ಕರೆ ಹೋಗುವುದು ನಿಬಾಲ್ದೊ ಕೋಲ್ಕೆಗೆ. ಹರಿದ ತುದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದು, ನಡುವೆ ಹಸಿ ರಬ್ಬರ್ ಹಾಸಿ, ಪ್ರೆಸ್ಸಿನಲ್ಲಿ ಬಿಗಿದು ಬೇಯಿಸಿ ಜಾಯಿಂಟ್ ಮಾಡುತ್ತಾನೆ. ಬೆಂದ ಮೇಲೆ ಉಳಿಯುವುದೇ ಕಷ್ಟದ ಕೆಲಸ: ಸುಮ್ಮನೆ ಕೂರುವುದು. ಶಾಖ ತೋರಿಸುವ ಮುಳ್ಳು ಅರವತ್ತು ಡಿಗ್ರಿಗೆ ಇಳಿಯುವ ತನಕ ಪ್ರೆಸ್ ಬಿಚ್ಚುವಂತಿಲ್ಲ. ಬಿಚ್ಚಿದರೆ ಒಳಗೆ ಗುಳ್ಳೆ ಏಳುತ್ತದೆ, ಹೊರಗೆ ಕಾಣುವುದಿಲ್ಲ. ಹೀಗೆ ಕೂರುವುದನ್ನು ಅವನಿಗೆ ಕಲಿಸಿದವರು ಮುದುಕ ಮೇಷ್ಟ್ರು ದೋನ್ ಎಲಿಸೆಯೊ ಆಂಸಾ. ಅದಕ್ಕೇ ಎರಡು ವರ್ಷ ಹಿಡಿಯಿತಂತೆ.

ಆ ಮುದುಕರು ನಿವೃತ್ತರಾದ ದಿನ ಕೊನೆಯ ಜಾಯಿಂಟನ್ನು ತಮ್ಮ ಕೈಯಾರೆ ಕೊಯ್ದು ಹಾಸಿದರು. ಕಾಯುವುದನ್ನು ನಿಬಾಲ್ದೊಗೆ ಬಿಟ್ಟು, ಹೆಲ್ಮೆಟ್ ಒಪ್ಪಿಸಲು ಆಫೀಸಿಗೆ ಹೋದರು. ಬೀಳ್ಕೊಡುಗೆಗೆಂದು ಸುಡುತ್ತಿದ್ದ ಕುರಿಮರಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮುಳ್ಳು ತೊಂಬತ್ತರಲ್ಲಿದ್ದಾಗಲೇ ನಿಬಾಲ್ದೊ ಪ್ರೆಸ್ ಬಿಚ್ಚಿದ. ಮುದುಕರು ಬಂದು, ಕಸುಬಿನ ಪದ್ಧತಿಯಂತೆ, ಬಿಳಿ ಬಣ್ಣದಲ್ಲಿ ಜಾಯಿಂಟಿನ ಮೇಲೆ ತಮ್ಮ ಹೆಸರು ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ.

ಹತ್ತೊಂಬತ್ತನೆಯ ದಿನ ಆ ಜಾಯಿಂಟ್ ಬಿಟ್ಟುಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಮೇಲಿದ್ದ ಹೆಸರನ್ನು ಎಲ್ಲರೂ ಓದಿದರು. "ಪಾಪ, ವಯಸ್ಸಾಯ್ತು, ಕೈ ನಡುಗಿರ್ಬೇಕು" ಎಂದರು. ನಿಬಾಲ್ದೊ ಹರಿದ ತುದಿಗಳನ್ನು ಮತ್ತೆ ಕೊಯ್ಯಲು ಕೂತ.

ಅಂದಿನಿಂದ ಮುದುಕರು ಡಾಮಿನೊ ಆಟಕ್ಕೆ ಬರುವುದನ್ನೇ ಬಿಟ್ಟರು. ಎಂಟು ತಿಂಗಳಾದ ಮೇಲೆ ಅವರ ಹೆಂಡತಿ ನೆಲ್ದಾ ಸಂತೆಯಲ್ಲಿ ನಿಬಾಲ್ದೊಗೆ ಸಿಕ್ಕಿ, "ಬ್ರೆಡ್ಡು ಕೊಯ್ಯೋಕೂ ನನ್ನನ್ನೇ ಕರೀತಾರಪ್ಪ. 'ನನ್ನ ಕೈ ನಂಬಬೇಡ' ಅಂತಾರೆ" ಎಂದಳು.

ಆ ಭಾನುವಾರ ಸಂಜೆಯ ಚಹಾ ಹೊತ್ತಿಗೆ ನಿಬಾಲ್ದೊ ಅವರ ಮನೆಗೆ ಹೋಗಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. "ಮೇಷ್ಟ್ರೇ, ತಪ್ಪು ನಿಮ್ಮದಲ್ಲ. ನಾನೇ ತೊಂಬತ್ತಕ್ಕೇ ಬಿಚ್ಚಿದ್ದು. ಊಟದ ಆಸೆಗೆ."

ಮುದುಕರು ಅವನನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು.

"ಏ ನೆಲ್ದಾ, ಕೇಳಿಸ್ತೇನೇ? ನನ್ನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳಕ್ಕೆ ಬಂದವ್ನೆ ಹುಚ್ಚ!"

"ದೇವರಾಣೆ, ಮೇಷ್ಟ್ರೇ..."

"ಸುಮ್ನಿರೋ. ಸುಳ್ಳು ಹೇಳಕ್ಕೂ ಬರಲ್ಲ ನಿಂಗೆ. ಕೂರೋದು ಕಲಿಸ್ದೋನು ನಾನು, ನನಗ್ಗೊತ್ತಿಲ್ವಾ ನೀನು ಬಿಚ್ಚಲ್ಲ ಅಂತ? ಹೊಟ್ಟೇಲಿ ಹುಟ್ಟಿದ ಮಗ ಆಗಿದ್ರೂ ಇಷ್ಟು ಮಾಡ್ತಿರ್ಲಿಲ್ಲ."

ನೆಲ್ದಾ ಕಣ್ಣೊರೆಸಿಕೊಂಡು ಅವನ ಲೋಟಕ್ಕೆ ಮತ್ತಷ್ಟು ಚಹಾ ಸುರಿದಳು. ನಿಬಾಲ್ದೊ ಇನ್ನೊಮ್ಮೆ ಹೇಳಬಹುದಿತ್ತು, ಕುರಿಮರಿಯ ಸಮೇತ ಎಲ್ಲವನ್ನೂ ಬಿಡಿಸಿ ಹೇಳಿ ನಂಬಿಸಬಹುದಿತ್ತು. ಬಾಯಿಯನ್ನೂ ತೆರೆದ, ಅಷ್ಟರಲ್ಲಿ ಒಳಗೆಲ್ಲೋ "ಸದ್ಯ, ಪಾರಾದೆ" ಎನ್ನಿಸಿಬಿಟ್ಟಿತು. ಅವನು ಚಹಾ ಕುಡಿದ. ಪ್ರೆಸ್ ಬಿಚ್ಚಿದ್ದಕ್ಕಿಂತ ಆ "ಸದ್ಯ"ಕ್ಕೇ ಇವತ್ತಿಗೂ ಅವನಿಗೆ ಹೆಚ್ಚು ನಾಚಿಕೆ.